ಎಲೆಚುಕ್ಕಿ ಔಷಧಿ ‘ಜೀವಕೋಶ ಪರೀಕ್ಷೆಯಲ್ಲಿ ಪಾಸಾಗಿದೆ’ ಎಂದರೆ ಏನರ್ಥ?

ಪ್ರಶ್ನೆ: ತೋಟದಮನೆ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಎಲೆಚುಕ್ಕಿ ರೋಗ ನಮ್ಮ ಭಾಗದ ಅಡಿಕೆ ತೋಟಗಳಿಗೆ ಕಾಲಿಟ್ಟ ಮೇಲೆ, ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವಲ್ಲದೆ ಪ್ರೊಪಿಕೊನಜೋಲ್‌ನಂತಹ ಶಿಲೀಂಧ್ರನಾಶಕಗಳನ್ನೂ ಸಿಂಪಡಿಸುವುದು ಅನಿವಾರ್ಯವಾಗಿದೆ. ಇತ್ತೀಚೆಗೆ ಬೆಳೆಗಾರರ ಸಭೆಯೊಂದರಲ್ಲಿ, ಇದರಿಂದ ಕ್ಯಾನ್ಸರ್ ಬರುವ ಸಂಭವವಿದೆಯೇ ಎಂಬ ಮಾತು ಬಂದಾಗ, ಅಲ್ಲಿದ್ದ ಮಾರಾಟ ಪ್ರತಿನಿಧಿಯೊಬ್ಬರು ಈ ಔಷಧಿಯನ್ನು ಮನುಷ್ಯರ ಜೀವಕೋಶಗಳ ಮೇಲೆಯೇ ಪರೀಕ್ಷೆ ಮಾಡಿ ಪಾಸು ಮಾಡಲಾಗಿದೆ, ಆದ್ದರಿಂದ ಭಯ ಬೇಡ ಎಂದು ಉತ್ತರಿಸಿದರು. ಸ್ವಲ್ಪ ಹೊತ್ತಿನ ನಂತರ ಮತ್ತೊಬ್ಬರು, ಅಡಿಕೆಯಲ್ಲಿರುವ ಅರೆಕೊಲಿನ್ ಜೀವಕೋಶ ಪರೀಕ್ಷೆಯಲ್ಲಿ ಹಾನಿಕರವೆಂದು ಕಂಡುಬಂದಿದೆ ಎಂಬ ಪತ್ರಿಕಾ ವರದಿಯನ್ನು ಓದಿದರು. ಆಗ ಅದೇ ಪ್ರತಿನಿಧಿ, ಗಾಜಿನ ತಟ್ಟೆಯಲ್ಲಿ ನಡೆಯುವ ಪರೀಕ್ಷೆಗಳಿಗೆ ಅಷ್ಟು ಬೆಲೆ ಕೊಡಬೇಕಾಗಿಲ್ಲ ಎಂದುಬಿಟ್ಟರು. ಸಭೆಯ ಹಿರಿಯರೊಬ್ಬರು, “ಔಷಧಿಯಾದರೆ ಪರೀಕ್ಷೆ ಸರಿ, ಅಡಿಕೆಯಾದರೆ ಪರೀಕ್ಷೆ ತಪ್ಪು, ಇದು ಯಾವ ನ್ಯಾಯವಯ್ಯಾ?” ಎಂದು ಕೇಳಿದರು. ಯಾರಲ್ಲೂ ಉತ್ತರವಿರಲಿಲ್ಲ.

ನನ್ನ ಸಂದೇಹ ಇಷ್ಟು. ಬೆಳೆಯಲು ಇಪ್ಪತ್ತು ಮೂವತ್ತು ವರ್ಷ ಬೇಕಾಗುವ ರೋಗದ ಬಗ್ಗೆ ಕೆಲವೇ ದಿನಗಳಲ್ಲಿ ಮುಗಿಯುವ ಪರೀಕ್ಷೆ ಏನು ಹೇಳಲು ಸಾಧ್ಯ? ಇದಕ್ಕಾಗಿಯೇ ವಂಶವಾಹಿಗಳನ್ನು ಸೇರಿಸಿ ಮಾರ್ಪಡಿಸಿದ, ಪ್ರಯೋಗಾಲಯದಲ್ಲಿ ಸತತವಾಗಿ ಬೆಳೆಸುವ ಜೀವಕೋಶ ತಳಿಗಳು, ಅಂದರೆ ಸೆಲ್ ಲೈನ್‌ಗಳಿವೆ ಎಂದು ಓದಿದ್ದೇನೆ. ಅವುಗಳ ಅಗತ್ಯವಾದರೂ ಏನು? ಕೊನೆಯದಾಗಿ, ತೋಟದ ಕೆಳಗಿರುವ ನಮ್ಮ ಬಾವಿಯ ನೀರನ್ನು ಇಂತಹ ಪರೀಕ್ಷೆಗೆ ಒಳಪಡಿಸಬಹುದೇ? ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಸಾಗರದವಳು

ನಾನು ವಿಷಶಾಸ್ತ್ರದ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತೇನೆ. ಊರಿನಲ್ಲಿ ನಮಗೂ ಅಡಿಕೆ ತೋಟವಿದೆ. ನಿಮ್ಮ ಹಿರಿಯರು ಕೇಳಿದ ಪ್ರಶ್ನೆ ಸರಿಯಾಗಿದೆ. ‘ಜೀವಕೋಶ ಪರೀಕ್ಷೆ’ ಎಂಬ ಹೆಸರಿನ ಒಂದೇ ಪರೀಕ್ಷೆ ಎಲ್ಲಿಯೂ ಇಲ್ಲ. ಯಾವ ಜೀವಕೋಶ, ಅದರೊಳಗೆ ಯಾವ ಕಿಣ್ವಗಳಿವೆ, ಎಷ್ಟು ಪ್ರಮಾಣ ಹಾಕಿದರು ಎಂಬುದನ್ನು ಹೇಳದೆ ಪಾಸು ಅಥವಾ ಫೇಲು ಎಂದರೆ ಅದಕ್ಕೆ ಅರ್ಥವಿಲ್ಲ.

ಮೊದಲನೆಯದಾಗಿ, ತಟ್ಟೆಯಲ್ಲಿ ನಾವು ಕ್ಯಾನ್ಸರನ್ನು ನೋಡುವುದಿಲ್ಲ. ಕ್ಯಾನ್ಸರಿನ ಹಾದಿಯಲ್ಲಿ ಮೊದಲಿಗೆ ಬರುವ ಕೆಲವು ಘಟನೆಗಳನ್ನು, ಅಂದರೆ ಡಿಎನ್‌ಎಗೆ ಪೆಟ್ಟಾಯಿತೇ, ಅದು ಶಾಶ್ವತ ಮಾರ್ಪಾಡಾಗಿ ಉಳಿಯಿತೇ, ವರ್ಣತಂತು ಮುರಿಯಿತೇ ಎಂಬುದನ್ನು ನೋಡುತ್ತೇವೆ. ಕ್ಯಾನ್ಸರನ್ನೇ ನೋಡಬೇಕೆಂದರೆ ಇಲಿಗಳಿಗೆ ಎರಡು ವರ್ಷ ಕಾಲ ರಾಸಾಯನಿಕವನ್ನು ಉಣಿಸಬೇಕಾಗುತ್ತದೆ. ಪ್ರತಿಯೊಂದು ಪ್ರಮಾಣಕ್ಕೂ ಕನಿಷ್ಠ 50 ಗಂಡು, 50 ಹೆಣ್ಣು ಇಲಿಗಳು ಬೇಕು. ಬಳಕೆಯಲ್ಲಿರುವ ಸಾವಿರಾರು ರಾಸಾಯನಿಕಗಳಿಗೆ ಹೀಗೆ ಮಾಡಲು ಹಣವೂ ಇಲ್ಲ, ಕಾಲವೂ ಇಲ್ಲ, ಅಷ್ಟು ಪ್ರಾಣಿಗಳನ್ನು ಕೊಲ್ಲುವುದು ಸರಿಯೂ ಅಲ್ಲ. ಆದ್ದರಿಂದ ಯಾವುದನ್ನು ಮೊದಲು ಅನುಮಾನಿಸಬೇಕು ಎಂದು ಆರಿಸಿಕೊಳ್ಳುವುದಕ್ಕೆ ಜೀವಕೋಶಗಳ ಸಹಾಯ ಪಡೆಯುತ್ತೇವೆ.

ಮಾರ್ಪಡಿಸಿದ ತಳಿಗಳು ಏಕೆ ಬೇಕು ಎಂಬುದು ಈ ವಿಷಯದ ತಿರುಳು. ಕ್ಯಾನ್ಸರಿಗೆ ಕಾರಣವಾಗುವ ಅನೇಕ ರಾಸಾಯನಿಕಗಳು ದೇಹವನ್ನು ಹೊಕ್ಕಾಗ ನಿರುಪದ್ರವಿಗಳಂತೆಯೇ ಇರುತ್ತವೆ. ಅಡಿಕೆ ಬೇಯಿಸುವ ಒಲೆಯ ಹೊಗೆಯಲ್ಲಿಯೂ ಇರುವ ಬೆಂಜೊಪೈರೀನ್, ಬೂಸಲು ಹಿಡಿದ ಶೇಂಗಾದಲ್ಲಿರುವ ಅಫ್ಲಟಾಕ್ಸಿನ್ ಬಿ1, ಇವು ತಾವಾಗಿಯೇ ಡಿಎನ್‌ಎಯನ್ನು ಮುಟ್ಟುವುದಿಲ್ಲ. ದೇಹದೊಳಗೆ, ಮುಖ್ಯವಾಗಿ ಲಿವರಿನಲ್ಲಿ, ಸೈಟೋಕ್ರೋಮ್ ಪಿ450 ಎಂಬ ಕಿಣ್ವಗಳ ಗುಂಪು ಇವುಗಳನ್ನು ಹೊರಹಾಕುವ ಸಲುವಾಗಿ ಮಾರ್ಪಡಿಸಲು ಹೋಗಿ, ನಡುವೆ ಅತ್ಯಂತ ಚಟುವಟಿಕೆಯ ರೂಪವೊಂದನ್ನು ಸೃಷ್ಟಿಸುತ್ತದೆ. ಡಿಎನ್‌ಎಗೆ ಅಂಟಿಕೊಳ್ಳುವುದು ಆ ರೂಪ. ಪ್ರಯೋಗಾಲಯದಲ್ಲಿ ತಲೆಮಾರುಗಟ್ಟಲೆ ಬೆಳೆದುಬಂದ ಜೀವಕೋಶಗಳಲ್ಲಾದರೋ ಈ ಕಿಣ್ವಗಳು ಬಹುಮಟ್ಟಿಗೆ ನಶಿಸಿರುತ್ತವೆ. ಅಂತಹ ಜೀವಕೋಶಕ್ಕೆ ಅಫ್ಲಟಾಕ್ಸಿನ್ ಹಾಕಿ ಏನೂ ಆಗಲಿಲ್ಲ ಎಂದು ವರದಿ ಬರೆದರೆ, ಆ ವರದಿ ಸುಳ್ಳಲ್ಲದಿದ್ದರೂ ದಾರಿ ತಪ್ಪಿಸುವಂಥದ್ದು.

ಹಳೆಯ ಪರಿಹಾರವೆಂದರೆ ಇಲಿಯ ಲಿವರನ್ನು ಅರೆದು ತೆಗೆದ ಎಸ್9 ಎಂಬ ತಿಳಿಯನ್ನು ತಟ್ಟೆಗೆ ಸೇರಿಸುವುದು. 1970ರ ದಶಕದಲ್ಲಿ ಬ್ರೂಸ್ ಏಮ್ಸ್ ರೂಪಿಸಿದ ಬ್ಯಾಕ್ಟೀರಿಯಾ ಪರೀಕ್ಷೆಯಲ್ಲಿ ಇಂದಿಗೂ ಇದನ್ನೇ ಬಳಸುತ್ತಾರೆ. ಆದರೆ ಎಸ್9 ಇಲಿಯದು, ಮನುಷ್ಯನದಲ್ಲ; ಜೀವಕೋಶಗಳಿಗೆ ಅದೇ ವಿಷವಾಗುವುದರಿಂದ ಕೆಲವು ಗಂಟೆಗಳಿಗಿಂತ ಹೆಚ್ಚು ಹೊತ್ತು ಬಿಡುವಂತಿಲ್ಲ; ಇದಕ್ಕೂ ಮಿಗಿಲಾಗಿ, ಅಪಾಯಕಾರಿ ರೂಪ ಜೀವಕೋಶದ ಹೊರಗೆ ಹುಟ್ಟುವುದರಿಂದ, ಕ್ಷಣಮಾತ್ರ ಬಾಳುವ ಅಣುಗಳು ಒಳಗೆ ಹೋಗುವ ಮುನ್ನವೇ ಹಾಳಾಗಿಬಿಡಬಹುದು. ಮನುಷ್ಯನ ಕಿಣ್ವದ ವಂಶವಾಹಿಯನ್ನೇ ಜೀವಕೋಶದೊಳಗೆ ಕೂರಿಸಿದರೆ ಈ ಮೂರು ತೊಂದರೆಗಳೂ ತಪ್ಪುತ್ತವೆ. 1991ರಲ್ಲಿ ಪ್ರಕಟವಾದ ಎಂಸಿಎಲ್-5 ಎಂಬ ಮಾನವ ಲಿಂಫೋಬ್ಲಾಸ್ಟ್ (ಒಂದು ಬಗೆಯ ಬಿಳಿ ರಕ್ತಕಣ) ತಳಿಯಲ್ಲಿ ಸಿವೈಪಿ 1ಎ2, 2ಎ6, 2ಇ1, 3ಎ4 ಎಂಬ ನಾಲ್ಕು ಪಿ450 ಕಿಣ್ವಗಳನ್ನೂ ಎಪಾಕ್ಸೈಡ್ ಹೈಡ್ರೊಲೇಸ್ ಎಂಬ ಮತ್ತೊಂದನ್ನೂ ಸೇರಿಸಲಾಗಿತ್ತು. ಚೀನಾದ ಹ್ಯಾಮ್‌ಸ್ಟರಿನ ವಿ79 ಜೀವಕೋಶಗಳಲ್ಲಿ ಒಂದೊಂದೇ ಮಾನವ ಕಿಣ್ವವನ್ನು ಸೇರಿಸಿದ ತಳಿಗಳೂ ಇವೆ. ಮೂಲ ತಳಿ ಸುಮ್ಮನಿದ್ದು 1ಎ2 ಸೇರಿಸಿದ ತಳಿ ಮಾತ್ರ ಪೆಟ್ಟು ತಿಂದರೆ, ಆ ರಾಸಾಯನಿಕವನ್ನು ವಿಷವಾಗಿಸುವ ಕಿಣ್ವ ಯಾವುದೆಂದು ಅಲ್ಲಿಯೇ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಈ ತಳಿಗಳ ದೊಡ್ಡ ಉಪಯೋಗ ಇದೇ.

ಇನ್ನೊಂದು ಬಗೆಯ ಮಾರ್ಪಾಡು ಸುದ್ದಿ ಹೇಳುವ ಜೀವಕೋಶಗಳದು. ಡಿಎನ್‌ಎಗೆ ಪೆಟ್ಟಾದಾಗ ಜೀವಕೋಶವು ಜಿಎಡಿಡಿ45ಎ ಎಂಬ ವಂಶವಾಹಿಯನ್ನು ಚಾಲೂ ಮಾಡುತ್ತದೆ. ಅದರ ಚಾಲನೆಯ ಭಾಗಕ್ಕೆ ಹಸಿರಾಗಿ ಹೊಳೆಯುವ ಪ್ರೋಟೀನಿನ ವಂಶವಾಹಿಯನ್ನು ಜೋಡಿಸಿ, ಟಿಕೆ6 ಎಂಬ ಮಾನವ ಜೀವಕೋಶದಲ್ಲಿ ಇರಿಸಿದರೆ, ಹಾನಿಯಾದ ಜೀವಕೋಶಗಳು ತಾವೇ ಹಸಿರಾಗುತ್ತವೆ. ಯಂತ್ರವು ಆ ಬೆಳಕನ್ನು ಅಳೆಯುತ್ತದೆ. ನೆದರ್‌ಲೆಂಡ್ಸಿನ ಲೈಡನ್‌ನಲ್ಲಿ ರೂಪುಗೊಂಡ ಟಾಕ್ಸ್‌ಟ್ರ್ಯಾಕರ್ ಪದ್ಧತಿಯಲ್ಲಿ ಸುಂಡಿಲಿಯ ಭ್ರೂಣಮೂಲದ ಆಕರ ಜೀವಕೋಶಗಳಿಂದ (ಸ್ಟೆಮ್ ಸೆಲ್) ಮಾಡಿದ ಆರು ತಳಿಗಳಿವೆ. ಕೆಲವು ನೇರ ಡಿಎನ್‌ಎ ಹಾನಿಗೆ ಹೊಳೆಯುತ್ತವೆ, ಕೆಲವು ಆಕ್ಸಿಡೀಕರಣದ ಒತ್ತಡಕ್ಕೆ, ಒಂದು ಪ್ರೋಟೀನುಗಳು ಸರಿಯಾಗಿ ಮಡಚಿಕೊಳ್ಳದಿದ್ದಾಗ. ಹಾನಿ ಆಯಿತು ಎಂಬುದಷ್ಟೇ ಅಲ್ಲದೆ ಯಾವ ದಾರಿಯಿಂದ ಆಯಿತು ಎಂಬುದೂ ಇದರಿಂದ ತಿಳಿಯುತ್ತದೆ. ಅಮೆರಿಕದಲ್ಲಿ 2008ರಲ್ಲಿ ಆರಂಭವಾದ ಟಾಕ್ಸ್21 ಯೋಜನೆಯಲ್ಲಿ ಸುಮಾರು 10,000 ರಾಸಾಯನಿಕಗಳನ್ನು ಇಂತಹ ತಳಿಗಳ ಮೇಲೆ ರೋಬಾಟ್‌ಗಳ ನೆರವಿನಿಂದ ಪರೀಕ್ಷಿಸಿದ್ದಾರೆ.

ಈಗ ನಿಮ್ಮ ಪ್ರೊಪಿಕೊನಜೋಲ್. ಡಿಎನ್‌ಎಗೆ ಪೆಟ್ಟು ಕೊಡುತ್ತದೆಯೇ ಎಂದು ಕೇಳುವ ರೂಢಿಯ ಪರೀಕ್ಷೆಗಳಲ್ಲಿ ಇದು ನಿರ್ದೋಷಿ. ಆ ಮಟ್ಟಿಗೆ ಮಾರಾಟ ಪ್ರತಿನಿಧಿ ಹೇಳಿದ್ದು ನಿಜ. ಆದರೆ ಹೆಚ್ಚಿನ ಪ್ರಮಾಣವನ್ನು ದೀರ್ಘಕಾಲ ಉಣಿಸಿದ ಗಂಡು ಸುಂಡಿಲಿಗಳ ಲಿವರಿನಲ್ಲಿ ಗೆಡ್ಡೆಗಳು ಕಾಣಿಸಿಕೊಂಡವು ಎಂಬುದೂ ಅಷ್ಟೇ ನಿಜ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇದೇ ಕಾರಣಕ್ಕೆ ಅದನ್ನು ‘ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಾಧ್ಯತೆ ಇರಬಹುದಾದ’ ಸಿ ಗುಂಪಿಗೆ ಸೇರಿಸಿತ್ತು. ಡಿಎನ್‌ಎಯನ್ನು ಮುಟ್ಟದೆಯೇ ಗೆಡ್ಡೆ ಬಂದದ್ದು ಹೇಗೆ ಎಂದರೆ, ಲಿವರಿನ ಸಿಎಆರ್ ಎಂಬ ಗ್ರಾಹಕವನ್ನು (ರಾಸಾಯನಿಕದ ಸುಳಿವು ಹಿಡಿಯುವ ಪ್ರೋಟೀನನ್ನು) ಅದು ಎಚ್ಚರಿಸುತ್ತದೆ. ಸುಂಡಿಲಿಯಲ್ಲಿ ಇದರಿಂದ ಲಿವರಿನ ಜೀವಕೋಶಗಳು ವೃದ್ಧಿಯಾಗಿ ಲಿವರ್ ಊದಿಕೊಳ್ಳುತ್ತದೆ. ಮನುಷ್ಯನ ಲಿವರಿನ ಜೀವಕೋಶಗಳಲ್ಲಿ ಇದೇ ಗ್ರಾಹಕ ಎಚ್ಚೆತ್ತರೆ ಕಿಣ್ವಗಳು ಹೆಚ್ಚುತ್ತವೆಯೇ ಹೊರತು ಜೀವಕೋಶಗಳು ಹಾಗೆ ವೃದ್ಧಿಯಾಗುವುದಿಲ್ಲ ಎಂಬುದು ಇಂದು ಬಹುಪಾಲು ವಿಷಶಾಸ್ತ್ರಜ್ಞರ ಅಭಿಪ್ರಾಯ. ಹಸಿರಾಗುವ ಟಿಕೆ6 ಜೀವಕೋಶ ಈ ಕಥೆಯ ಒಂದಕ್ಷರವನ್ನೂ ಹೇಳಲಾರದು. ಅದಕ್ಕೆ ಮಾನವ ಸಿಎಆರ್ ಗ್ರಾಹಕವನ್ನು ಸೇರಿಸಿದ ಹೆಪ್‌ಜಿ2 ಎಂಬ ಲಿವರ್ ತಳಿ ಬೇಕು. ಟಾಕ್ಸ್21ರಲ್ಲಿ ಅದನ್ನೂ ಬಳಸಿದ್ದಾರೆ.

ಐರೋಪ್ಯ ಒಕ್ಕೂಟ 2018ರಲ್ಲಿ ಪ್ರೊಪಿಕೊನಜೋಲ್‌ನ ಅನುಮತಿಯನ್ನು ನವೀಕರಿಸಲಿಲ್ಲ. ಅದರ ಕಾರಣ ಕ್ಯಾನ್ಸರ್ ಅಲ್ಲ. ಗರ್ಭದ ಶಿಶುವಿನ ಮೇಲಿನ ಪರಿಣಾಮ ಮತ್ತು ಅಂತರ್ಜಲಕ್ಕೆ ಇಳಿಯುವ ಅದರ ವಿಭಜಿತ ವಸ್ತುಗಳು. ಕ್ಯಾನ್ಸರ್ ಬರುವುದಿಲ್ಲ ಎಂಬ ಭರವಸೆಯನ್ನು ಬೇರೆ ಯಾವ ತೊಂದರೆಯೂ ಇಲ್ಲ ಎಂಬ ಭರವಸೆಯಾಗಿ ಕೇಳಿಸಿಕೊಳ್ಳಬಾರದು ಎಂಬುದಕ್ಕೆ ಇದನ್ನು ಹೇಳಿದೆ.

ತೋಟದಮನೆ

ಮೇಡಂ, ಇಷ್ಟು ವಿವರವಾಗಿ ಬರೆದದ್ದಕ್ಕೆ ಧನ್ಯವಾದಗಳು. ನಿರ್ದೋಷಿ ಎಂಬ ತೀರ್ಪು ಯಾವ ಪ್ರಶ್ನೆಗೆ ಎಂಬುದು ಸ್ಪಷ್ಟವಾಯಿತು. ಇದರ ಎದುರು ಬದಿ ಹೇಗೆ? ಜೀವಕೋಶ ಹಾನಿ ತೋರಿಸಿದರೆ ಅದನ್ನು ನಂಬಲೇಬೇಕೇ? ಅಡಿಕೆಯ ವಿಚಾರದಲ್ಲಿ ನಮ್ಮವರ ವಾದವೆಲ್ಲ ಇದೇ ಆಗಿದೆ.

ಉತ್ತರ 2: ಕೆಂಪಡಿಕೆ

ನಾನೂ ಅದನ್ನೇ ಕೇಳಬೇಕೆಂದಿದ್ದೆ. ಇಂತಹ ಪ್ರಯೋಗಗಳಲ್ಲಿ ಹಸಿ ಅಡಿಕೆಯನ್ನು ಪುಡಿ ಮಾಡಿ, ಗಟ್ಟಿ ಸಾರ ತೆಗೆದು, ಜೀವಕೋಶಗಳ ಮೇಲೆ ಸುರಿಯುತ್ತಾರೆ. ನಮ್ಮ ಕಡೆ ಅಡಿಕೆಯನ್ನು ಸುಲಿದು, ಚೊಗರಿನಲ್ಲಿ (ಅಡಿಕೆ ಬೇಯಿಸಿ ಉಳಿದ ಕೆಂಪು ನೀರಿನಲ್ಲಿ) ಬೇಯಿಸಿ, ಒಣಗಿಸಿ ಬಳಸುವ ಪದ್ಧತಿ. ಬೇಯಿಸಿದಾಗ ಎಷ್ಟೋ ಅಂಶಗಳು ಚೊಗರಿಗೆ ಇಳಿದುಹೋಗುತ್ತವೆ. ಅಷ್ಟು ಗಟ್ಟಿ ಸಾರವನ್ನು ಹಾಕಿದರೆ ಕಾಫಿಯಾದರೂ ಜೀವಕೋಶವನ್ನು ಕೊಲ್ಲದೆ ಬಿಟ್ಟೀತೇ? ಲಕ್ಷಾಂತರ ಕುಟುಂಬಗಳ ಅನ್ನದ ಪ್ರಶ್ನೆಯನ್ನು ತಟ್ಟೆಯಲ್ಲಿ ಸತ್ತ ಜೀವಕೋಶಗಳ ಲೆಕ್ಕದಿಂದ ತೀರ್ಮಾನಿಸುವುದನ್ನು ನಾನು ಒಪ್ಪುವುದಿಲ್ಲ.

ಸಾಗರದವಳು

ಕೆಂಪಡಿಕೆಯವರ ಆಕ್ಷೇಪದಲ್ಲಿ ಅರ್ಧ ಭಾಗವನ್ನು ನಾನು ಪೂರ್ತಿ ಒಪ್ಪುತ್ತೇನೆ, ಏಕೆಂದರೆ ಅದು ನಮ್ಮ ಕ್ಷೇತ್ರದವರೇ ತಲೆ ಕೆಡಿಸಿಕೊಂಡಿರುವ ವಿಷಯ. 2005ರಲ್ಲಿ ಏಳುನೂರಕ್ಕೂ ಹೆಚ್ಚು ರಾಸಾಯನಿಕಗಳ ದಾಖಲೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಇಲಿಗಳಲ್ಲಿ ಕ್ಯಾನ್ಸರ್ ಉಂಟುಮಾಡದ ರಾಸಾಯನಿಕಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವು ಸಸ್ತನಿ ಜೀವಕೋಶಗಳ ಪರೀಕ್ಷೆಯಲ್ಲಿ ದೋಷಿಗಳೆಂದು ಕಂಡಿದ್ದವು. ಕಾರಣಗಳನ್ನು ಹುಡುಕಿದಾಗ ಮುಖ್ಯವಾಗಿ ಸಿಕ್ಕಿದ್ದು ಪಿ53. ಡಿಎನ್‌ಎಗೆ ಪೆಟ್ಟಾದಾಗ ವಿಭಜನೆಯನ್ನು ತಡೆದು ದುರಸ್ತಿಗೆ ಅವಕಾಶ ಕೊಡುವುದು, ದುರಸ್ತಿಯಾಗದಿದ್ದರೆ ಜೀವಕೋಶವನ್ನೇ ಸಾಯಿಸುವುದು ಪಿ53 ಪ್ರೋಟೀನಿನ ಕೆಲಸ. ದಶಕಗಳಿಂದ ಬಳಸಿಕೊಂಡು ಬಂದ ಹ್ಯಾಮ್‌ಸ್ಟರ್ ತಳಿಗಳಲ್ಲಿ ಇದು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಹೀಗಾಗಿ ಸಣ್ಣಪುಟ್ಟ ಒತ್ತಡಕ್ಕೂ ಅವುಗಳ ವರ್ಣತಂತುಗಳು ಮುರಿಯುತ್ತಿದ್ದವು. ಪಿ53 ಸುಸ್ಥಿತಿಯಲ್ಲಿರುವ ಟಿಕೆ6ರಂತಹ ಮಾನವ ಜೀವಕೋಶಗಳಿಗೆ ಒಲವು ಹೆಚ್ಚಲು ಇದೂ ಒಂದು ಕಾರಣ.

ಪ್ರಮಾಣದ ಬಗ್ಗೆಯೂ ಈಗ ನಿಯಮವಿದೆ. ಮೈಕ್ರೋನ್ಯೂಕ್ಲಿಯಸ್ ಪರೀಕ್ಷೆಯನ್ನೇ ನೋಡಿ. ಸೂಕ್ಷ್ಮದರ್ಶಕದಡಿ ಇಣುಕಿದರೆ ವಿಭಜನೆಯ ನಡುವೆ ತಡೆದು ನಿಲ್ಲಿಸಿದ ಜೀವಕೋಶದೊಳಗೆ ಎರಡು ದುಂಡು ಕೋಶಕೇಂದ್ರಗಳು ಅಕ್ಕಪಕ್ಕ ಕಾಣುತ್ತವೆ. ವರ್ಣತಂತು ಮುರಿದು ತುಣುಕು ಹಿಂದೆ ಉಳಿದಿದ್ದರೆ, ಅವುಗಳ ಪಕ್ಕದಲ್ಲಿ ಅದೇ ಬಣ್ಣದ, ಮುಖ್ಯ ಕೇಂದ್ರದ ಮೂರನೆಯ ಒಂದು ಭಾಗಕ್ಕಿಂತ ದೊಡ್ಡದಲ್ಲದ, ಅಂಚು ನುಣುಪಾದ ಇನ್ನೊಂದು ಚುಕ್ಕೆ ಇರುತ್ತದೆ. ಪ್ರತಿ ಪ್ರಮಾಣಕ್ಕೂ ಇಂತಹ ಕನಿಷ್ಠ 2,000 ಜೀವಕೋಶಗಳನ್ನು ಎಣಿಸಬೇಕು. ಸಾಯುತ್ತಿರುವ ಜೀವಕೋಶದ ಕೇಂದ್ರವೂ ಚೂರುಚೂರಾಗಿ ಇದೇ ರೀತಿ ಕಾಣುವುದರಿಂದ, ಜೀವಕೋಶಗಳ ಬೆಳವಣಿಗೆ ಸುಮಾರು ಶೇಕಡಾ 55ರಷ್ಟು ಕುಗ್ಗುವ ಪ್ರಮಾಣವನ್ನು ದಾಟಬಾರದೆಂದು ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ) ಮಾರ್ಗಸೂಚಿ ಹೇಳುತ್ತದೆ. ಅದನ್ನು ದಾಟಿ ಬಂದ ಫಲಿತಾಂಶವನ್ನು ಒಳ್ಳೆಯ ವಿಮರ್ಶಕರು ಪಕ್ಕಕ್ಕಿಡುತ್ತಾರೆ.

ಅಡಿಕೆಯ ಸಾರಕ್ಕೆ ಇನ್ನೂ ಒಂದು ತೊಡಕಿದೆ. ನಿಮ್ಮ ಕೈಗೆ ಕರೆ ಹಿಡಿಸುವ ಚೊಗರಿನ ಟ್ಯಾನಿನ್‌ಗಳು ಜೀವಕೋಶ ಬೆಳೆಸುವ ದ್ರವದಲ್ಲಿ ತಾವಾಗಿಯೇ ಆಕ್ಸಿಡೀಕರಣಗೊಂಡು ಹೈಡ್ರೋಜನ್ ಪೆರಾಕ್ಸೈಡನ್ನು ಹುಟ್ಟಿಸುತ್ತವೆ. ಜೀವಕೋಶವನ್ನು ಕೊಂದದ್ದು ಅಡಿಕೆಯೋ, ತಟ್ಟೆಯಲ್ಲಿ ಹುಟ್ಟಿದ ಪೆರಾಕ್ಸೈಡೋ ಎಂದು ಬೇರ್ಪಡಿಸಲು, ಪೆರಾಕ್ಸೈಡನ್ನು ಒಡೆಯುವ ಕೆಟಲೇಸ್ ಎಂಬ ಕಿಣ್ವವನ್ನು ಸೇರಿಸಿದ ಮತ್ತೊಂದು ತಟ್ಟೆಯನ್ನು ಜೊತೆಯಲ್ಲಿ ಇಡಬೇಕು. ಹಾಗೆ ಇಡದ ಪ್ರಬಂಧವನ್ನು ನಾನು ನಂಬುವುದಿಲ್ಲ. ಕಾಫಿಯ ಬಗ್ಗೆ ನೀವು ಊಹಿಸಿದ್ದೂ ಸರಿ. ಅದರಲ್ಲೂ ಇದೇ ಆಗುತ್ತದೆ. ಆದರೆ ಇದರ ಇನ್ನೊಂದು ಮುಖವನ್ನು ಮರೆಯುವಂತಿಲ್ಲ: ಸುಣ್ಣ ಹಚ್ಚಿದ ಎಲೆಯೊಂದಿಗೆ ಅಡಿಕೆ ಅಗಿದಾಗ ಬಾಯಿಯೊಳಗೂ ಕ್ಷಾರೀಯ ಸ್ಥಿತಿ ಉಂಟಾಗಿ ಇದೇ ಬಗೆಯ ಆಕ್ಸಿಡೀಕರಣ ನಡೆಯುತ್ತದೆ.

ಆಕ್ಷೇಪದ ಉಳಿದ ಅರ್ಧವನ್ನು ಒಪ್ಪಲಾರೆ. ಅಡಿಕೆಯ ಅರೆಕೊಲಿನ್ ಮೊದಲಾದ ಅಲ್ಕಲಾಯ್ಡ್‌ಗಳಿಂದ ಹುಟ್ಟುವ, ಹಲವು ಕ್ಯಾನ್ಸರ್ ಕಾರಕಗಳಿರುವ ಗುಂಪಿನ ನೈಟ್ರೋಸಮೀನ್‌ಗಳು ಎಲೆ ಅಡಿಕೆ ಅಗಿಯುವವರ ಜೊಲ್ಲಿನಲ್ಲಿ ಪತ್ತೆಯಾಗಿವೆ. ಡಿಎನ್‌ಎ ದುರಸ್ತಿಯ ವಂಶವಾಹಿಗಳನ್ನು ತೆಗೆದುಹಾಕಿ, ಮಾನವ ಪಿ450 ಕಿಣ್ವಗಳನ್ನು ಒಂದೊಂದಾಗಿ ಸೇರಿಸಿದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ತಳಿಗಳ ಮೇಲೆ ಇವುಗಳನ್ನು ಪರೀಕ್ಷಿಸಿದಾಗ, ಸಿವೈಪಿ 2ಎ ಕುಟುಂಬದ ಕಿಣ್ವಗಳಿದ್ದ ತಳಿಗಳಲ್ಲಿ ಇವು ಮ್ಯುಟೇಶನ್ (ಡಿಎನ್‌ಎಯಲ್ಲಿ ಶಾಶ್ವತ ಮಾರ್ಪಾಡು) ಉಂಟುಮಾಡಿದವು. ಇಲ್ಲಿ ಗಟ್ಟಿ ಸಾರವೂ ಇಲ್ಲ, ಟ್ಯಾನಿನ್ನಿನ ಗೊಂದಲವೂ ಇಲ್ಲ.

ಉತ್ತರ 3: ದಂತವೈದ್ಯ, ಶಿವಮೊಗ್ಗ

ಒಂದು ವಿಷಯವನ್ನು ಸೇರಿಸಲೇಬೇಕಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅಡಿಕೆಯನ್ನು 2004ರ ವರದಿಯಲ್ಲಿ ಮೊದಲನೆಯ ಗುಂಪಿಗೆ (ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವಂಥವು) ಸೇರಿಸಿದ್ದು ಜೀವಕೋಶ ಪರೀಕ್ಷೆಯ ಆಧಾರದ ಮೇಲಲ್ಲ. ಅಗಿಯುವ ಮನುಷ್ಯರನ್ನೇ ಅಧ್ಯಯನ ಮಾಡಿದ ಸಾಕ್ಷ್ಯ ಅಲ್ಲಿದೆ. ತೈವಾನಿನಲ್ಲಿ ಸಾಮಾನ್ಯವಾಗಿ ಹೊಗೆಸೊಪ್ಪು ಸೇರಿಸದೆಯೇ ಅಗಿಯುವುದರಿಂದ, ತಂಬಾಕಿನ ಪಾತ್ರವನ್ನು ಬೇರೆ ಮಾಡಿ ನೋಡುವುದು ಸಾಧ್ಯವಾಯಿತು. ಅರೆಕೊಲಿನ್ ಎಂಬ ಒಂಟಿ ರಾಸಾಯನಿಕವನ್ನು 2020ರಲ್ಲಿ ಪ್ರತ್ಯೇಕವಾಗಿ ಪರಿಶೀಲಿಸಿ 2ಬಿ ಗುಂಪಿನಲ್ಲಿಟ್ಟರು (ಕ್ಯಾನ್ಸರ್ ಉಂಟುಮಾಡುವ ಸಾಧ್ಯತೆ ಇರಬಹುದಾದವು). ಸಭೆಗಳಲ್ಲಿ ಈ ಎರಡು ತೀರ್ಮಾನಗಳನ್ನು ಕಲಸಿಬಿಡುತ್ತಾರೆ. ಈ ಗುಂಪುಗಳು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು ಹೇಳುತ್ತವೆಯೇ ಹೊರತು, ಎಷ್ಟು ತಿಂದರೆ ಎಷ್ಟು ಅಪಾಯ ಎಂಬುದನ್ನಲ್ಲ.

ನನ್ನ ಕುರ್ಚಿಯಲ್ಲಿ ಕೂರುವವರಲ್ಲಿ, ಕೆನ್ನೆಯ ಒಳಭಾಗ ಬಿಳಿಚಿಕೊಂಡು ಗಡುಸಾಗಿ, ಬಾಯಿಗೆ ಎರಡು ಬೆರಳೂ ಹೋಗದ ಯುವಕರಿದ್ದಾರೆ. ಬಹುಮಂದಿ ಗುಟ್ಕಾ, ಪಾನ್ ಮಸಾಲ ಅಗಿದವರು. ಇವರ ವಿಚಾರದಲ್ಲಿ ತಟ್ಟೆಯ ಜೀವಕೋಶ ಏನು ಹೇಳಿತು ಎಂದು ಕಾಯುವ ಅಗತ್ಯ ನನಗಿಲ್ಲ.

ಕೆಂಪಡಿಕೆ

ಮನುಷ್ಯರ ಮೇಲಿನ ಸಾಕ್ಷ್ಯ ಬೇರೆ, ಜೀವಕೋಶದ ಸಾಕ್ಷ್ಯ ಬೇರೆ ಎಂಬುದನ್ನು ಒಪ್ಪುತ್ತೇನೆ. ಚೊಗರಿನಲ್ಲಿ ಬೇಯಿಸಿದ ಅಡಿಕೆಯನ್ನು, ಕೆಟಲೇಸ್ ತಟ್ಟೆಯ ಸಮೇತ, ಮೇಡಂ ಹೇಳಿದ ಕ್ರಮದಲ್ಲಿ ಪರೀಕ್ಷಿಸಬೇಕೆಂಬ ನನ್ನ ಬೇಡಿಕೆ ಹಾಗೆಯೇ ಇದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಜೈವಿಕ ತಂತ್ರಜ್ಞಾನ ಓದುವ ನಮ್ಮ ಹುಡುಗರಿಗೆ ಇದಕ್ಕಿಂತ ಒಳ್ಳೆಯ ವಿಷಯ ಬೇಕೇ?

ಸಾಗರದವಳು

ಬೇಡಿಕೆ ನ್ಯಾಯವಾದದ್ದು. ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದ ಭಂಡಾರದಿಂದ ಸಂಶೋಧಕರು ಸೆಲ್ ಲೈನ್‌ಗಳನ್ನು ತರಿಸಿಕೊಳ್ಳಬಹುದು. ಪಕ್ಕದ ಪ್ರಯೋಗಾಲಯದಿಂದ ಕೈಬದಲಾಗಿ ಬಂದ ಬುಡ್ಡಿಯನ್ನು ಮಾತ್ರ ನಂಬಬಾರದು. ಹೆಸರು ಒಂದಿದ್ದು ಒಳಗೆ ಹೀಲಾ ಎಂಬ, ಬೇರೆ ತಳಿಗಳನ್ನು ಆಕ್ರಮಿಸುವ ಮಾನವ ಕ್ಯಾನ್ಸರ್ ಜೀವಕೋಶ ಬೆಳೆದಿರುವ ಉದಾಹರಣೆಗಳು ಜಗತ್ತಿನಾದ್ಯಂತ ಇವೆ. ಡಿಎನ್‌ಎ ಗುರುತಿನ ಪರೀಕ್ಷೆ ಮತ್ತು ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಸೇರಿಕೊಂಡಿದೆಯೇ ಎಂಬ ಪರೀಕ್ಷೆ ಎರಡನ್ನೂ ಮಾಡಿಸಿಯೇ ಕೆಲಸ ಆರಂಭಿಸಬೇಕು. ಸೇರಿಸಿದ ಕಿಣ್ವ ಹಲವು ತಲೆಮಾರುಗಳ ನಂತರವೂ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು, ಪ್ರತಿ ಸಲವೂ ಅಫ್ಲಟಾಕ್ಸಿನ್‌ನಂತಹ ಗೊತ್ತಿರುವ ದೋಷಿಯೊಂದನ್ನು ಜೊತೆಗಿಟ್ಟು ನೋಡಬೇಕು.

ತೋಟದಮನೆಯವರು ಕೇಳಿದ ಬಾವಿ ನೀರಿನ ಪ್ರಶ್ನೆ ಬಾಕಿ ಉಳಿದಿದೆ. ನೀರನ್ನು ಜೀವಕೋಶಗಳಿಂದ ಪರೀಕ್ಷಿಸುವ ಪದ್ಧತಿ ಇದೆ. ಪಿ53 ಎಚ್ಚೆತ್ತರೆ ಬೆಳಕು ಸೂಸುವಂತೆ ಮಾರ್ಪಡಿಸಿದ ಮಾನವ ಮೂಳೆಯ ತಳಿಯನ್ನು ನೆದರ್‌ಲೆಂಡ್ಸಿನಲ್ಲಿ ಇದಕ್ಕೆ ಬಳಸುತ್ತಾರೆ. ಆದರೆ ನೀರನ್ನು ಹಾಗೆಯೇ ಹಾಕಿದರೆ ಏನೂ ಕಾಣದು. ಲೀಟರುಗಟ್ಟಲೆ ನೀರನ್ನು ವಿಶೇಷ ಶೋಧಕದ ಮೂಲಕ ಹಾಯಿಸಿ, ಅದರಲ್ಲಿ ಉಳಿದದ್ದನ್ನು ಗಟ್ಟಿ ಮಾಡಿ ಹಾಕಬೇಕು. ಜೀವಕೋಶ ಬೆಳಗಿತು ಎಂದುಕೊಳ್ಳಿ. ಯಾವ ವಸ್ತುವಿನಿಂದ ಬೆಳಗಿತು ಎಂದು ಅದು ಹೇಳುವುದಿಲ್ಲ. ನಿಮಗೆ ಸಿಂಪಡಿಸಿದ ಔಷಧಿಯ ಹೆಸರು ಗೊತ್ತಿರುವಾಗ ಅದನ್ನೇ ನೇರವಾಗಿ ಅಳೆಯುವ ಕೀಟನಾಶಕ ಉಳಿಕೆ ಪರೀಕ್ಷೆ ಅಗ್ಗವೂ ಹೌದು, ಉಪಯುಕ್ತವೂ ಹೌದು. ಹೋಲಿಕೆಗೆ ಬೇಕಾದರೆ, ಯುರೋಪಿನಲ್ಲಿ ಕುಡಿಯುವ ನೀರಿನಲ್ಲಿ ಯಾವುದೇ ಒಂದು ಕೀಟನಾಶಕ ಲೀಟರಿಗೆ 0.1 ಮೈಕ್ರೋಗ್ರಾಂ ಮೀರುವಂತಿಲ್ಲ.

ಮಾದರಿಯನ್ನು ಕಂದು ಬಣ್ಣದ ಗಾಜಿನ ಬಾಟಲಿಯಲ್ಲಿ ತೆಗೆಯಿರಿ; ಖಾಲಿಯಾದ ಪ್ಲಾಸ್ಟಿಕ್ ನೀರಿನ ಬಾಟಲಿ ಬೇಡ. ಸಿಂಪಡಣೆಗೆ ಮುನ್ನ ಒಂದು, ಸಿಂಪಡಿಸಿದ ನಂತರ ಮೊದಲ ಜೋರು ಮಳೆ ಬಂದು ಹೋದ ಮೇಲೆ ಒಂದು ತೆಗೆದು, ಮಂಜುಗಡ್ಡೆಯಲ್ಲಿಟ್ಟು ಬೇಗ ತಲುಪಿಸಿ. ಬಾಟಲಿಯ ಮೇಲೆ ದಿನಾಂಕವನ್ನೂ, ಹೊಡೆದ ಔಷಧಿಯ ಡಬ್ಬಿಯ ಮೇಲಿರುವ ಪೂರ್ಣ ಹೆಸರನ್ನೂ ಬರೆದಿರಬೇಕು. ‘ಎಲೆಚುಕ್ಕಿ ಔಷಧಿ’ ಎಂದಷ್ಟೇ ಬರೆದು ಕಳುಹಿಸಿದರೆ ಏನನ್ನು ಹುಡುಕಬೇಕೆಂದು ಪ್ರಯೋಗಾಲಯದವರಿಗೆ ತಿಳಿಯುವುದಿಲ್ಲ.